ತುದಿ

ಮೊದಲು ಮೇಜನ್ನು ಗೋಡೆಯಿಂದ ಒಂದು ಗೇಣು ಎಳೆದೆ.
ಹಿಂದೆ ಸಿಕ್ಕಿದ್ದು: ಒಂದು ಬಳಪ, ಎರಡು ಕರೆಂಟ್ ಬಿಲ್ಲು,
ಒಣಗಿದ ಜಿರಲೆ, ಮೂರು ವರ್ಷದಿಂದ ಹುಡುಕುತ್ತಿದ್ದ
ಕಿವಿಯೋಲೆಯ ತಿರುಪು.
ಓಲೆಯನ್ನು ಅಷ್ಟರಲ್ಲಿ ಮಾರಿಯಾಗಿತ್ತು.

ಶಿಡ್ಲಘಟ್ಟದ ಕೋಟೆ ಸರ್ಕಲ್ಲಿನ ಅಂಗಡಿ ಬಿಟ್ಟುಕೊಟ್ಟ ಮೇಲೆ
ಟೈಪಿನ ಕೆಲಸವೆಲ್ಲ ಮನೆಗೇ ಬಂದಿದೆ,
ನೆಂಟರ ಹಾಗೆ, ಚಪ್ಪಲಿ ಎಲ್ಲೆಂದರಲ್ಲಿ ಬಿಟ್ಟು.
ಖಾತೆ ಬದಲಾವಣೆಯ ಅರ್ಜಿ, ಭೋಗ್ಯದ ಪತ್ರ,
ಒಬ್ಬರ ಮನೆಯ ಲಗ್ನಪತ್ರಿಕೆ,
ಇನ್ನೊಬ್ಬರ ಮನೆಯ ವೈಕುಂಠ ಸಮಾರಾಧನೆ.
ಎರಡಕ್ಕೂ ಅದೇ ಹೂಬಳ್ಳಿಯ ಬಾರ್ಡರು.

ಗೌಸ್ ಪಾಷ ಕಂತಿನ ಮೇಲೆ ಕೊಟ್ಟ ಹಳೆಯ ಪೆಟ್ಟಿಗೆ,
ಮುಚ್ಚಿಹೋದ ಜೆರಾಕ್ಸ್ ಅಂಗಡಿಯದು.
ಬಿಚ್ಚಿ ಊದಿದರೆ ಮುಖಕ್ಕೆ ಹಾರಿದ್ದು
ನನಗೆ ಗೊತ್ತಿಲ್ಲದವರ ಊದುಬತ್ತಿಯ ಬೂದಿ.
ಹಲ್ಲುಜ್ಜುವ ಹಳೆ ಬ್ರಷ್ಷಿನಲ್ಲಿ ತಿಕ್ಕಿದೆ,
ಫ್ಯಾನಿನ ಒಂದೊಂದೇ ರೆಕ್ಕೆ.

ಈ ಸಲ ಹೀಗಿರಬೇಕು ಅಂದುಕೊಂಡಿದ್ದೆ:
ಮೇಜಿನ ಮೇಲೆ ಒಂದು ತೆರೆ, ಕೀಲಿಮಣೆ, ಮೌಸು,
ಮತ್ತೇನೂ ಇಲ್ಲ.
ಸಾರಿಸಿ ಬಿಟ್ಟ ಅಂಗಳದ ಹಾಗೆ,
ರಂಗೋಲಿಯೂ ಇಲ್ಲದೆ.

ಆದರೆ ವೈರುಗಳು.
ಮಾನಿಟರಿನದು, ಪ್ರಿಂಟರಿನದು, ಯುಪಿಎಸ್ಸಿನದು,
ಯಾವುದಕ್ಕೂ ಸೇರದ ಒಂದು ಕರಿದು,
ಎಲ್ಲ ಹೆಣೆದುಕೊಂಡು ಮೇಜಿನಡಿ ಬಿದ್ದಿದ್ದವು,
ಎಳೆದಷ್ಟೂ ಬಿಗಿಯುತ್ತ.

ಸೋದರತ್ತೆ ಮುನಿರತ್ನಮ್ಮ ಬಾಗಿಲಲ್ಲೇ ನಿಂತು ನೋಡಿದಳು.
ಅಫ್ರೋಜ್ ಸಾಬರ ರೀಲಿಂಗ್ ಮನೆಯಲ್ಲಿ
ಇಪ್ಪತ್ತೆಂಟು ವರ್ಷ ಬಿಸಿನೀರಿಗೆ ಕೈ ಇಟ್ಟವಳು.
ಬೆರಳ ತುದಿಯಲ್ಲಿ ಗೆರೆ ಉಳಿದಿಲ್ಲ;
ರೇಷನ್ ಅಂಗಡಿಯ ಯಂತ್ರ ಪ್ರತಿ ತಿಂಗಳೂ ಅವಳಿಗೆ
'ಮತ್ತೊಮ್ಮೆ ಪ್ರಯತ್ನಿಸಿ' ಅನ್ನುತ್ತದೆ.
"ಎಳೀಬ್ಯಾಡ ಕಣಮ್ಮಿ," ಅಂದಳು,
"ಎಳೆದ್ರೆ ಗಂಟು. ಮೊದ್ಲು ತುದಿ ಹುಡುಕು.
ಅಷ್ಟುದ್ದ ಎಳೆ ಒಂದು ಗೂಡೊಳಗೆ ಇರ್ತದೆ,
ತುದಿ ಸಿಕ್ಕಿದ್ರೆ ತಾನೇ ಬಿಚ್ಕೊಂತ ಬತ್ತದೆ."

ಮಂಡಿನೋವು ಅನ್ನುತ್ತಲೇ ನೆಲಕ್ಕೆ ಕೂತಳು.
ಕಣ್ಣು ಬೀದಿಯ ಕಡೆ, ಮಾತು ನನ್ನ ಕಡೆ,
ಕೈ ಮಾತ್ರ ಅಲ್ಲಿ, ಆ ಕತ್ತಲೆಯಲ್ಲಿ.
ಒಂದೊಂದನ್ನೇ ಬಿಡಿಸಿ ಹೊರಗೆ ತಂದಳು,
ಅಂಗೈಗೂ ಮೊಣಕೈಗೂ ಸುತ್ತಿ ಲಡಿ ಮಾಡಿದಳು.
ಎಲೆಯಡಿಕೆ ಸಂಚಿಯಿಂದ ನೂಲಿನ ತುಂಡು ತೆಗೆದು ಕಟ್ಟಿದಳು,
ಬೇಕೆಂದಾಗ ಒಂದೇ ಜಗ್ಗಿಗೆ ಬಿಚ್ಚುವಂಥ ಗಂಟು.
ಕೋಣೆಗೆಲ್ಲ ಬೆಂದ ಹುಳದ ವಾಸನೆ ಬಂತು.
ಚಿಕ್ಕಂದಿನಲ್ಲಿ ಈ ವಾಸನೆಗೆ ಅವಳ ಪಕ್ಕ ಮಲಗುತ್ತಿರಲಿಲ್ಲ ನಾನು.

ಆಮೇಲೆ ತೆರೆಯ ಸರದಿ. ಅಲ್ಲೂ ಕಸ:
ಹೊಸದು, ಹೊಸದು ಒಂದು, ಹೊಸದು ಎರಡು,
ಕೊನೆಯದು, ಕೊನೆಯದು ತಿದ್ದಿದ್ದು,
ಕೊನೆಯದು ಇದೇ ಕೊನೆ.
ಊರಿನ ನಾಲ್ಕು ವರ್ಷದ ಜಗಳ, ಪಾಲು, ಸೀಮಂತ
ಒಂದರ ಮೇಲೊಂದು ಅಂಟಿಕೊಂಡಿದ್ದವು.
ಒಂದು ಫೋಲ್ಡರು ಮಾಡಿ ಗುಡಿಸಿ ಹಾಕಿದೆ.
ಉಳಿದದ್ದು ತೆಳು ಬೂದು ಬಣ್ಣ,
ಮೋಡವಿದ್ದೂ ಬಾರದ ಮಳೆಯ ದಿನದ್ದು.

"ಅಯ್ಯೋ, ಎಲ್ಲಾ ಹೋಯ್ತಾ?"
ಇಲ್ಲತ್ತೆ, ಒಳಗಿದೆ, ಅಂದೆ.
ಯಾವ ಒಳಗೆ ಅಂತ ಕೇಳಿದ್ದರೆ ತೋರಿಸುವುದು ಕಷ್ಟವಿತ್ತು.
ಕೇಳಲಿಲ್ಲ. ಬೆರಳು ನೀಡಿ ತೆರೆಯನ್ನು ಮುಟ್ಟಿ ನೋಡಿದಳು.
ಒಂದು ಸಣ್ಣ ಮಬ್ಬು ಉಳಿಯಿತು, ಗೆರೆಗಳಿಲ್ಲದ್ದು.
ಯಾವ ಯಂತ್ರವೂ ಒಪ್ಪದ ಸಹಿ.
ಒರೆಸುವ ಬಟ್ಟೆ ನನ್ನ ಕೈಯಲ್ಲೇ ಇತ್ತು.

ಅಷ್ಟರಲ್ಲಿ ಹೊರಗೆ ಬೈಕ್ ನಿಂತ ಸದ್ದು.
"ಅಕ್ಕಾ, ಅರ್ಜೆಂಟು, ಪಹಣಿ ತಿದ್ದುಪಡಿಗೆ ಒಂದರ್ಜಿ,"
ಅನ್ನುತ್ತ ಒಳಗೆ ಬಂದವನು
ಖಾಲಿ ಮೇಜನ್ನು ಕಂಡು ಮುಖ ಅರಳಿಸಿ
ಹೆಲ್ಮೆಟ್ಟು ಇಟ್ಟ,
ಪಕ್ಕದಲ್ಲಿ ಬೀಗದ ಕೈ,
ಅದರ ಪಕ್ಕ ಅರ್ಧ ಕುಡಿದ ಬಾದಾಮಿ ಹಾಲು.