ಮೈಸೂರು ರಸ್ತೆಯನ್ನು ನೆಟ್ಟಗೆ ನಿಲ್ಲಿಸಿ

ರಾತ್ರಿ ಪಾಳಿ. ಪೀಣ್ಯ ಎರಡನೇ ಹಂತ.
ಪಕ್ಕದ ಶೆಡ್ಡಿನಲ್ಲಿ ಲೇತು ಇನ್ನೂ ಕಬ್ಬಿಣ ಕೆರೆಯುತ್ತಿದೆ.
ನನ್ನ ಪರದೆಯ ಮೇಲೆ ಭೂಮಿ ಇಳಿಯುತ್ತಿದೆ
ಸಾಲು ಸಾಲಾಗಿ, ಮೇಲಿನಿಂದ ಕೆಳಕ್ಕೆ,
ಮಗ್ಗದಿಂದ ಸೀರೆ ಇಳಿದ ಹಾಗೆ.

ಮೊದಲು ಕಪ್ಪು. ಎಷ್ಟೋ ಸಾಲು ಬರೀ ಕಪ್ಪು.
ಆಮೇಲೆ ಕಪ್ಪೋ ನೀಲಿಯೋ ಹೇಳಲಾಗದ ಒಂದೆಳೆ,
ನೀಲಿ, ತೆಳು ನೀಲಿ,
ನೀರು ಬೆರೆಸಿದ ಹಾಲಿನಂಥ ಬಿಳಿ,
ಕಟ್ಟಕಡೆಗೆ ಕಿತ್ತಳೆ,
ಅದರಡಿ ಇರುಳಾದ ನೆಲ.
ಕಕ್ಷೆಯಲ್ಲಿ ಯಾರೋ ಕಿಟಕಿಗೆ ಮೂಗೊತ್ತಿ ತೆಗೆದ ಚಿತ್ರ.
ನಮ್ಮ ಕಡತದಲ್ಲಿ ಇದರ ಹೆಸರು: ಅಂಚು.
ಕಬ್ಬನ್‌ಪೇಟೆಯಲ್ಲಿ ಹುಟ್ಟಿದವಳಿಗೆ
ಅಂಚು ಅಂದರೇನೆಂದು ಹೇಳಿಕೊಡಬೇಕೇ?

ಅಪ್ಪ ರೇಷ್ಮೆಗೆ ಬಣ್ಣ ಹಾಕುತ್ತಿದ್ದವನು.
ಮೊಣಕೈ ತನಕ ಸೋಮವಾರ ಅರಿಶಿನ,
ಗುರುವಾರ ರಾಮಾ ಗ್ರೀನು.
ಸತ್ತ ದಿನವೂ ಉಗುರ ಸಂದಿಯಲ್ಲಿ ನೇರಳೆ ಇತ್ತು.
ಒದ್ದೆ ಬಿಳಿ ಬಟ್ಟೆಗೆ ನೂಲು ಉಜ್ಜಿ ನೋಡುತ್ತಿದ್ದ;
ಬಣ್ಣ ಬಿಟ್ಟಿತೋ, ಇಡೀ ಲಡಿ ವಾಪಸ್ಸು ಹಂಡೆಗೆ.
ಈ ನೀಲಿಯನ್ನು ಕಂಡಿದ್ದರೆ ಬೈಯುತ್ತಿದ್ದ:
"ಯಾವನೋ ಅದ್ದಿದ್ದು ಇದನ್ನ?
ಕಪ್ಪಿನೊಳಕ್ಕೆ ಸೋರ್ತಾ ಇದೆ."

ಎಷ್ಟು ದಪ್ಪ ಮೇಡಂ, ಎಂದಳು
ಹೊಸದಾಗಿ ಸೇರಿದ ನಾಝ್ನೀನ್.
ಅಂಕಿ ಹೇಳಿದೆ. ಬರಕೊಂಡಳು.
ಮುಖದಲ್ಲಿ ಏನೂ ಆಗಲಿಲ್ಲ.
ಆಗ ಅಂದೆ: ಮೈಸೂರು ರಸ್ತೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸು,
ಮೆಜೆಸ್ಟಿಕ್ಕು ನೆಲದಲ್ಲೇ ಇರಲಿ.
ಕೆಂಗೇರಿ ಬರುವಷ್ಟರಲ್ಲಿ ಮಳೆ ಮುಗಿಯಿತು, ಮೋಡ ಮುಗಿಯಿತು.
ಗುಡುಗು, ಹದ್ದು, ಗಾಳಿಪಟ, ಒಗ್ಗರಣೆಯ ಘಾಟು
ಎಲ್ಲ ಅಷ್ಟರೊಳಗೆ. ಅದೇ ಆ ಕಿತ್ತಳೆ.
ರಾಮನಗರಕ್ಕೆ ಬಿಳಿಯೂ ತೀರುತ್ತದೆ
(ಅಪ್ಪ ಗೂಡಿನ ಮಾರುಕಟ್ಟೆಗೆಂದು ಹೋಗುತ್ತಿದ್ದ ಊರು,
ಆ ಬಸ್ಸಿನಲ್ಲಿ ನಾನು ಅವನ ಪಂಚೆಯ ಮೇಲೆ ವಾಂತಿ ಮಾಡಿದ್ದೆ).
ಮದ್ದೂರಿನಲ್ಲಿ ವಡೆಗೆಂದು ಇಳಿದರೆ
ಅದು ನೀಲಿಯ ಕೊನೆಯ ಎಳೆ.
ಮಂಡ್ಯದಲ್ಲಿ, ಹೆಚ್ಚು ಕಡಿಮೆ, ಗಾಳಿಯೇ ಇಲ್ಲ.

ನಾಝ್ನೀನ್ ನಗಲಿಲ್ಲ.
ಅವಳ ನಾನಿ ಮಂಡ್ಯದಲ್ಲಿದ್ದಾರಂತೆ.

ನೀಲಿಯಲ್ಲೊಂದು ಚುಕ್ಕಿ. ಅಕ್ಕಿಯಲ್ಲಿ ಸಿಕ್ಕ ನುಸಿಯಷ್ಟು.
ದುಪಟ್ಟದ ತುದಿಯಿಂದ ಪರದೆ ಒರೆಸಿದೆ. ಹೋಗಲಿಲ್ಲ.
ಲೆನ್ಸಿನ ಧೂಳು ಎಂದುಕೊಂಡು
ಅಕ್ಕಪಕ್ಕದ ನೀಲಿ ಎಳೆದು ಮುಚ್ಚಿದೆ,
ರಫೂ ಹಾಕಿದ ಹಾಗೆ.
ಕೈ ಚೆನ್ನಾಗಿದೆ ನನ್ನದು, ಗುರುತೇ ಸಿಗದು.

ಎರಡನೇ ಚಿತ್ರದಲ್ಲಿ ಅದೇ ಚುಕ್ಕಿ
ಒಂದು ಬೆರಳು ಕೆಳಗೆ, ಬಿಳಿಯ ಹತ್ತಿರ.

ಧೂಳು ನಡೆಯುವುದಿಲ್ಲ.

ಹಿಗ್ಗಿಸಿದೆ. ಎರಡು ರೆಕ್ಕೆ, ನಡುವೆ ಡಬ್ಬಿಯಂಥ ಮೈ.
ತಂದ ಸಾಮಾನು ಇಳಿಸಿ, ಮೇಲಿನವರ ಕಸ ತುಂಬಿಕೊಂಡು
ಹೊರಟ ನೌಕೆ. ಒಳಗೆ ಜನರಿಲ್ಲ.
ಹಾಗಾಗಿ ಅದು ಮನೆ ಮುಟ್ಟಬೇಕಾಗಿಲ್ಲ.
ನಾಡಿದ್ದು ಸಂಜೆ ಮದ್ದೂರಿನ ಎತ್ತರದಲ್ಲಿ ಕೆಂಪಗಾಗಿ
ಚನ್ನಪಟ್ಟಣ ದಾಟುವ ಮೊದಲೇ ಚೂರು, ಬೂದಿ.
ಅದರ ಕಡೆಯ ಪಟ ಇದು.
ಇದನ್ನೇ ನಾನು ಅಷ್ಟು ಅಂದವಾಗಿ ಅಳಿಸಿದ್ದು.

ಚುಕ್ಕಿಯನ್ನು ಇದ್ದಲ್ಲೇ ವಾಪಸ್ಸಿಟ್ಟೆ.
ಪದ್ಮರಾಜಯ್ಯನವರಿಗೆ ವರದಿಯಲ್ಲಿ "ಕಸವಲ್ಲ" ಎಂದು ಬರೆದೆ.
ಹೊಟ್ಟೆಯ ತುಂಬ ಇರುವುದು ಕಸವೇ ಅಲ್ಲವೇ ಅನ್ನಿಸಿ
ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಹೊರಗೆ ಬಂದಾಗ ಆರು ಗಂಟೆ. ಲೇತು ನಿಂತಿತ್ತು.
ಟೀ ಅಂಗಡಿಯವನು ಹಾಲನ್ನು ಮೊಳ ಎತ್ತಿ ಸುರಿಯುತ್ತಿದ್ದ.
ಶೆಡ್ಡುಗಳ ತಗಡಿನ ಮೇಲೆ ಕಿತ್ತಳೆ,
ಇಷ್ಟು ಹತ್ತಿರದಿಂದ ನೋಡಿದರೆ ಅದು ಬರೀ ಬೆಳಗು.
ಒದ್ದೆ ಕರ್ಚೀಫಿನಲ್ಲಿ ಮುಖ ಒರೆಸಿಕೊಂಡೆ.
ಬಿಳಿ ಬಟ್ಟೆಗೆ ಮಸಿ ಹತ್ತಿತ್ತು.
ಬಿಡ್ತಾ ಇದೆ ಅಪ್ಪಾ, ಒಳಗಿನಿಂದಲೂ ಬಣ್ಣ ಬಿಡ್ತಾ ಇದೆ.
ಮಡಚಿ ಬ್ಯಾಗಿಗೆ ಹಾಕಿಕೊಂಡು
ಮೆಟ್ರೋ ಮೆಟ್ಟಿಲು ಹತ್ತಿದೆ,
ಒಂದೊಂದೇ.