ರಾತ್ರಿ ಪಾಳಿಗೆ ಓದಲು

ಜಸಿಂತಾ, ನೀನು ಕೇಳಿದೆ:
ದೇವರ ಬಗ್ಗೆ ಓದಲಿಕ್ಕೆ ಏನಾದರೂ ಕೊಡಿ ಅಣ್ಣಾ,
ಉಪದೇಶ ಬೇಡ, ಅದು ಊರಿಂದ ಫೋನಿನಲ್ಲೇ ಬರುತ್ತದೆ.

ನಾನು ಪುಸ್ತಕದ ಅಂಗಡಿಯವನಲ್ಲ.
ನಿಜ್ವಾದ ಸೂಕಿನ ಹಿಂದೆ, ಶುಕ್ರವಾರದ ಆಡಿನ ಸಂತೆ
ಶನಿವಾರವೂ ನಾರುವ ಕಡೆ
ಒಂದು ಝೆರಾಕ್ಸ್, ಒಂದು ಲ್ಯಾಮಿನೇಷನ್,
ವೀಸಾ ಅರ್ಜಿ ತುಂಬುವ ಕಂಪ್ಯೂಟರು.
ಧರ್ಮ ಎಂಬ ಖಾನೆಯಲ್ಲಿ
ದಿನಕ್ಕೆ ಇಪ್ಪತ್ತು ಸಲ ಒಂದೊಂದೇ ಪದ ಒತ್ತುವವನು.

ಆದರೂ ಹನ್ನೊಂದು ವರ್ಷ
ಜನ ನಂಬಿದ ಕಾಗದಗಳು ಈ ಗಾಜಿನ ಮೇಲೆ
ಬೋರಲು ಮಲಗಿ ಎದ್ದುಹೋಗಿವೆ.

ಮೊದಲು ಓದಬೇಕಾದ್ದು
ನೀರಿನ ಟ್ಯಾಂಕರಿನ ದಿಲ್‌ಮುರಾದನ ಡೈರಿ.
ನಮಾಜು ಮಾಡಿದೆ, ಮಾಡಲಿಲ್ಲ; ಮಾಡದಿದ್ದರೆ ಕಾರಣ.
ಟೈರು. ನಿದ್ದೆ. ತಮ್ಮನ ಮೇಲೆ ಸಿಟ್ಟು.
ಲಿಪಿ ನನಗೆ ಬಾರದು, ಅವನೇ ಓದಿ ಹೇಳಿದ.
ಒಂದು ಪುಟದಲ್ಲಿ ಕಾರಣವಿಲ್ಲ,
ಕಾಗದ ಹರಿಯುವಷ್ಟು ಒತ್ತಿ ಎಳೆದ ಗೀಟು.
ಅದನ್ನು ಯಾರೂ ಓದಿ ಹೇಳಬೇಕಾಗಲಿಲ್ಲ.

ಆಮೇಲೆ ಅಡುಗೆಯ ಕುಂಞಂಬುವಿನ ಚೀಟಿ, ದೃಷ್ಟಿ ತೆಗೆಯುವುದು.
ಮೂರು ದಾರಿ ಕೂಡುವಲ್ಲಿನ ಮಣ್ಣು ಬೇಕು.
ಇಲ್ಲಿ ದಾರಿಯೆಲ್ಲ ಡಾಂಬರು; ನಡುರಾತ್ರಿ
ರೌಂಡ್‌ಅಬೌಟಿನ ಹೂವಿನ ಪಾತಿಯಿಂದ ಹಿಡಿ ಮಣ್ಣು ಕದ್ದ.
ಸರ್ಕಾರಿ ಮಣ್ಣೂ ನಡೆಯುತ್ತದಂತೆ,
ಉಪ್ಪು ಮಾತ್ರ ಒಂದು ಚಿಟಿಕೆ ಜಾಸ್ತಿ.

ಮುದುಕಿ ಜೋಖಾ ತಂದ ತಾಯಿತವನ್ನು ನಾನು ಓದಿಲ್ಲ.
ವಾಷಿಂಗ್ ಮೆಷಿನ್ನಿಗೆ ಬಿದ್ದು ನೆಂದಿತ್ತು.
ಒಣಗಿಸು, ಬಿಚ್ಚಬೇಡ, ಅಂದಳು.
ಪ್ರಿಂಟರಿನ ಬಿಸಿ ಬೆನ್ನ ಮೇಲಿಟ್ಟು
ಮಧ್ಯಾಹ್ನವೆಲ್ಲ ಅದಕ್ಕೆ ಬೆನ್ನು ಹಾಕಿ ಕೂತೆ.
ಕೂಲಿಗೆ ಏಳು ಖರ್ಜೂರ.

ಪುಸ್ತಕವೇ ಬೇಕೆಂದರೆ ಒಂದಿದೆ, ರಟ್ಟು ಹೋದದ್ದು,
ಮುಚ್ಚಿದ ಕ್ಯಾಂಪೊಂದರಿಂದ ಬಂದದ್ದು.
ಮಠ ಬಿಟ್ಟು ಬಂದವನೊಬ್ಬ ತನ್ನ ಕಥೆ ಬರೆದಿದ್ದಾನೆ.
ಅಂಚಿನಲ್ಲಿ ನೀಲಿ ಮಸಿ: ಸುಳ್ಳು.
ಕೆಂಪು ಮಸಿ: ನನಗೂ ಹೀಗೇ ಆಯಿತು.
ಪೆನ್ಸಿಲಿನಲ್ಲಿ ಹಾಲಿನ ಲೆಕ್ಕ.
ಒಯ್ಯಿ. ಪೆನ್ಸಿಲಿನವನನ್ನು ನಂಬಬಹುದು.

ಇನ್ನೊಂದು, ಅದು ಕಾಗದದ ಮೇಲಿಲ್ಲ.
ಸೋದರತ್ತೆ ಹುಲಿಗೆಮ್ಮ, ಕುಷ್ಟಗಿ ಕಡೆಯವಳು,
ಚೇಳಿನ ಮಂತ್ರ ಬಲ್ಲವಳು,
ಚಂದ್ರನಿಗೆ ಗ್ರಹಣ ಹಿಡಿದ ರಾತ್ರಿ ಫೋನು ಮಾಡಿದಳು:
ಬರ್ಕೋಬ್ಯಾಡ, ಬರದ್ರ ಸಾಯ್ತೈತಿ.
ಹರಿಯೋ ನೀರಾಗ ನಿಂತು ಕೇಳು.
ಈ ಕಲ್ಲುಗುಡ್ಡಗಳ ನಡುವೆ ಹರಿಯುವ ನೀರು!
ಖರ್ಜೂರದ ತೋಟದ ಫಲಜಿಗೆ ಇಳಿದೆ,
ಮೊಣಕಾಲು ಮುಟ್ಟದ ಕಾಲುವೆ,
ಹಿಮ್ಮಡಿ ಕಚ್ಚುವ ಕಿರುಮೀನು, ಕಿವಿಗೆ ಫೋನು.
ಕೊನೆಯ ಪದಕ್ಕೆ ಮುಂಚೆ ಲೈನು ಹೋಯಿತು.
ಮತ್ತೆ ಹಚ್ಚಿದರೆ, ಕೊಟ್ಟಾದ ಮ್ಯಾಲ
ನನಗೇನೂ ನೆಪ್ಪಿಲ್ಲೋ ಯಪ್ಪಾ, ಅಂದಳು.

ಈಗಲೂ ಗ್ರಹಣಕ್ಕೆ ಇಳಿಯುತ್ತೇನೆ.
ಕೊನೆಯ ಪದ ಬರುವ ಹೊತ್ತಿಗೆ ಬಾಯಿ ಮುಚ್ಚಿ
ನೀರಿಗೆ ಬಿಡುತ್ತೇನೆ.
ನಂಬುತ್ತೀರಾ ಅಂತ ಕೇಳಬೇಡ.

ಶಫೀಕುಲನಿಗೆ ಗೋದಾಮಿನಲ್ಲಿ
ಕಾಗದದ ಕಟ್ಟಿನಡಿಯಿಂದ ಚೇಳು ಕುಟುಕಿತಲ್ಲ,
ನಿಮ್ಮ ಆಸ್ಪತ್ರೆಯ ತನಕ ಇಪ್ಪತ್ತು ನಿಮಿಷ
ಪಿಕಪ್ ಓಡಿಸುತ್ತ, ಇದ್ದಷ್ಟು ಪದಗಳನ್ನು
ಬ್ರೇಕು ತುಳಿಯುವಾಗಲೂ ಬಿಡದೆ ಹೇಳಿದೆ.
ನೀನು ಸೂಜಿ ಹಾಕಿದೆ. ನೋವು ಇಳಿಯಿತು.
ಯಾವುದರಿಂದ ಎಂದು ಅವನು ಕೇಳಲಿಲ್ಲ,
ಚಹಾ ಕೇಳಿದ.

ಆದರೆ ನಾನು ನೋಡಿದೆ ಜಸಿಂತಾ,
ಮಾಸ್ಕಿನ ಹಿಂದೆ ನಿನ್ನ ತುಟಿಯೂ ಅಲುಗುತ್ತಿತ್ತು.
ಏನೆಂದು ಹೇಳಬೇಡ.
ಬರೆದೂ ಇಡಬೇಡ.

ನಿನ್ನ ನೊವೆನಾ ನಾಳೆ ಸಂಜೆ ಸಿದ್ಧ.
ಮಡಿಕೆಯಲ್ಲಿ ಒಂದು ಸಾಲು ಅಳಿಸಿದೆ, ಹಾಗೇ ಬಿಟ್ಟಿದ್ದೇನೆ.
ಇನ್ನೂರು ಬೈಸಾ.
ಚಿಲ್ಲರೆ ತಾ.