ಅಪ್ಪನ ನೈಟ್ ಡ್ಯೂಟಿ

ಗುರುವಾರ ಸಂಜೆಯಿಂದ ಚರ್ಚಿನ ಗಂಟೆಗೆ ಮೌನ.
ಅರಸೀಕೆರೆಯಲ್ಲಿ ಮಿಕ್ಕದ್ದೆಲ್ಲ ಸದ್ದು ಮಾಡುತ್ತಲೇ ಇತ್ತು:
ನೀರು ಕುಡಿಯುವ ಎಂಜಿನ್ನು, ಕಾಯಿಮಂಡಿಯ ಹರಾಜು,
ಪ್ಲಾಟ್‌ಫಾರಂ ಉದ್ದಕ್ಕೂ ಚಾಯ್ ಚಾಯ್.
ಗಂಟೆಗೂ ಉಪವಾಸ ಕಣೋ, ಎಂದಳು ಅವ್ವ.

ಅದರ ಬದಲಿಗೆ ಕಬ್ಬಿಣದ ಬಳೆ ಬಡಿದ ಒಂದು ಮರದ ಹಲಗೆ,
ಅಲುಗಿಸಿದರೆ ಕಾಯಿಯೊಳಗೆ ಒಣಗಿದ ಗಿಟುಕಿನ ಹಾಗೆ
ಕಟಕಟ.
ಉಪದೇಶಿ ಸವರಪ್ಪನವರು ಆ ವರ್ಷ ಅದನ್ನು
ನನ್ನ ಕೈಗೆ ಕೊಟ್ಟರು.
ರೈಲ್ವೆ ಕಾಲೋನಿಯ ಎಂಟೂ ಸಾಲು ಸುತ್ತಿ
"ಶಿಲುಬೆ ಹಾದಿಗೆ ಬನ್ನೀ" ಎಂದು ಕೂಗಿದೆ.
ನನ್ನ ಗಂಟಲು ಒಡೆದದ್ದು ಅವತ್ತೇ.
ಒಂದು ಕೂಗಿನೊಳಗೆ ಇಬ್ಬರು ಹುಡುಗರು.

ನಲವತ್ತು ದಿನ ಮಾಂಸವಿಲ್ಲ. ಫಿಲ್ಲಿ ಬೆಲ್ಲ ಬಿಟ್ಟಿದ್ದಳು,
ಬಿಟ್ಟದ್ದನ್ನು ಡಬ್ಬಿಯಲ್ಲಿ ಕೂಡಿಟ್ಟು
ದಿನಾ ತೆರೆದು ನೋಡಿ ಮುಚ್ಚುತ್ತಿದ್ದಳು.
ನಾನೇನು ಬಿಟ್ಟಿದ್ದೆನೋ ನೆನಪಿಲ್ಲ, ಬಹುಶಃ ಏನೂ ಇಲ್ಲ.
ಅಪ್ಪ ಬೀಡಿ ಬಿಟ್ಟಿದ್ದ.
ಅದಕ್ಕೆ ಮನೆಯವರೆಲ್ಲ ಮೆಲ್ಲಗೆ ಮಾತಾಡುತ್ತಿದ್ದೆವು.

ಶನಿವಾರ ಈರುಳ್ಳಿ ಸಿಪ್ಪೆಯ ನೀರಲ್ಲಿ
ಹನ್ನೆರಡು ಮೊಟ್ಟೆ ಕುದಿಸಿದಳು ಅವ್ವ.
ಒಂದು ಸಿಡಿಯಿತು. ಅದು ಯೂದಾಸ, ಎಂದಳು ಫಿಲ್ಲಿ.
ಯೂದಾಸನನ್ನು ನಾನು ಉಪ್ಪು ಹಚ್ಚಿ ತಿಂದೆ.

ಅಪ್ಪನಿಗೆ ರಜೆ ಸಿಗಲಿಲ್ಲ.
ದಕ್ಷಿಣದ ಕ್ಯಾಬಿನ್ನಿನಲ್ಲಿ ರಾತ್ರಿ ಪಾಳಿ.
ಲಿವರ್‌ಮ್ಯಾನ್ ಇನ್ನಾಸಪ್ಪ ಇಲ್ಲದಿದ್ದರೆ
ಹಾಸನದ ಗಾಡಿ ಬೀರೂರಿಗೆ ಹೋದೀತು.
"ಸ್ವಾಮಿ ಎದ್ದಾಗ ಗಂಟೆ ಹೊಡೀತಾರಲ್ಲ,
ಅಲ್ಲಿಗೇ ಕೇಳಿಸುತ್ತೆ, ಸಾಕು" ಎಂದು
ಟಿಫಿನ್ ಡಬ್ಬಿ ಹಿಡಿದು ಹೊರಟ.

ಚರ್ಚಿನೊಳಗೆ ಕತ್ತಲು. ಹೊರಗೆ
ತೆಂಗಿನ ಚಿಪ್ಪಿನ ಹೊಸ ಬೆಂಕಿ.
ದೊಡ್ಡ ಬತ್ತಿ ಎತ್ತಿ ಗುರುಗಳು "ಕ್ರಿಸ್ತರ ಜ್ಯೋತಿ" ಎಂದು ಹಾಡಿದರು,
ಮೂರನೆಯ ಸಲ ದನಿ ಮೇಲೆ ಹತ್ತಲಾರದೆ
ನಡುದಾರಿಯಲ್ಲೇ ಕೂತಿತು.
ಬತ್ತಿಯಿಂದ ಬತ್ತಿಗೆ, ಸಾಲಿನಿಂದ ಸಾಲಿಗೆ
ಮುಖಗಳು ಹುಟ್ಟಿಕೊಂಡವು:
ಗ್ಯಾಂಗ್‌ಮನ್ ದೈರಿಯಣ್ಣ, ನರ್ಸು ಲೂರ್ದಮ್ಮ,
ಅವ್ವನ ಮೂಗುಬೊಟ್ಟು ಮೊದಲು, ಆಮೇಲೆ ಅವ್ವ.

ಆಗ ಗಂಟೆ.
ಎರಡು ದಿನ ನಾಲಗೆ ಕಚ್ಚಿಕೊಂಡಿದ್ದವರು
ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ ಹಾಗೆ.
ಎಲ್ಲರೂ ಅಲ್ಲೆಲೂಯ ಎತ್ತಿಕೊಂಡರು.
ನಾನು ಕಿಟಕಿಯಿಂದ ದಕ್ಷಿಣಕ್ಕೆ ನೋಡುತ್ತಿದ್ದೆ.

ಪೂಜೆ ಮುಗಿದರೂ ಅವ್ವ ನನ್ನ ಬತ್ತಿ ಆರಿಸಗೊಡಲಿಲ್ಲ.
"ಅಪ್ಪನಿಗೆ ಕೊಟ್ಟು ಬಾ. ಇದೇ ಬೆಂಕಿ ಹೋಗಬೇಕು."
ಫಿಲ್ಲಿ ಕೈಯಲ್ಲಿ ಮೊಟ್ಟೆಯ ಗಂಟು,
ನನ್ನ ಅಂಗೈ ಮರೆಯಲ್ಲಿ ಗುಬ್ಬಿಮರಿಯಂಥ ಉರಿ.
ಓವರ್‌ಬ್ರಿಜ್ ನಡುವಿನ ತನಕ ಬದುಕಿತ್ತು.
ಕೆಳಗೆ ಗೂಡ್ಸ್ ಬಂತು. ಬಿಳಿ ಆವಿ ನಮ್ಮನ್ನು ನುಂಗಿ
ಉಗುಳುವಷ್ಟರಲ್ಲಿ
ಬತ್ತಿಯ ತುದಿಗೆ ಒಂದು ಕೆಂಪು ಚುಕ್ಕಿ.
ಅದೂ ಹೋಯಿತು.

ಫಿಲ್ಲಿ ಅತ್ತಳು. ವಾಪಸು ಹೋದರೆ ಅವ್ವನ ಮುಖ.
ಸಿಗ್ನಲ್ ದೀಪಕ್ಕೆ ಎಣ್ಣೆ ಹಾಕುವ ಖಾಸಿಂ ಸಾಬರು
ಕೊನೆಯ ಮೆಟ್ಟಿಲಲ್ಲಿ ಕೂತಿದ್ದರು. ಏನೂ ಕೇಳಲಿಲ್ಲ.
ತಮ್ಮ ಕೈದೀಪದ ಪುಟ್ಟ ಬಾಗಿಲು ತೆರೆದು ಹಿಡಿದರು.
ಬತ್ತಿ ಸೀಮೆಎಣ್ಣೆ ಉರಿಗೆ
ಒಂದು ಸಲ ಕೆಮ್ಮಿ ಹೊತ್ತಿಕೊಂಡಿತು.

ಕ್ಯಾಬಿನ್ನಿಗೆ ಹದಿನಾರು ಮೆಟ್ಟಿಲು.
ಅಪ್ಪ ಟೋಪಿ ತೆಗೆದು ಬತ್ತಿಗೆ ಕೈಮುಗಿದ,
ಮೇಣ ಸುರಿಸಿ ಕಿಟಕಿಯ ಹಲಗೆಗೆ ನಿಲ್ಲಿಸಿದ.
"ಚರ್ಚಿಂದೇ ತಂದ್ಯಾ?"
"ಹೂಂ."
ಫಿಲ್ಲಿ ತಲೆ ಬಗ್ಗಿಸಿ ಮೊಟ್ಟೆ ಸುಲಿಯತೊಡಗಿದಳು.

"ಗಂಟೆ ಕೇಳಿಸ್ತಾ ಅಪ್ಪಾ?"
ಅವನು ಹಳಿಗಳ ಕಡೆ ನೋಡಿದ. ಬೆಳ್ಳನೆಯ ಮೊಟ್ಟೆಯ ಮೇಲೆ
ಅವನ ಬೆರಳಿನ ಗ್ರೀಸು.
ನಾನು ಹೇಳಿದ ಹಾಗೆಯೇ ಹೇಳಿದ:
"ಹೂಂ."

ಅಷ್ಟರಲ್ಲಿ ಕ್ಯಾಬಿನ್ನಿನ ಕಿರುಗಂಟೆ ಎರಡು ಸಲ ಬಡಿಯಿತು.
ಅರ್ಧ ಮೊಟ್ಟೆ ಬಾಯಲ್ಲಿರುವಾಗಲೇ ಎದ್ದು ಲಿವರ್ ಎಳೆದ,
ಹೊರಗೆಲ್ಲೋ ಒಂದು ಕೆಂಪು ಹಸಿರಾಯಿತು.
ಆಮೇಲೆ ಕಿವಿ ಹಿಂದಿನಿಂದ ಒಂದು ಬೀಡಿ ತೆಗೆದು,
ಬಗ್ಗಿ, ಆ ಬತ್ತಿಯಿಂದಲೇ ಹಚ್ಚಿಕೊಂಡ.

ಅವ್ವನಿಗೆ ನಾವು ಇದನ್ನೂ ಹೇಳಲಿಲ್ಲ.